ಸಂದಕ್‌ಫು ಹಟ್‌ನಲ್ಲಿ ಅಪ್ಪನ ಜೊತೆ ಒಂದು ರಾತ್ರಿ

ಪ್ರಶ್ನೆ: ಡಾಕ್ಟರೇ, ನನಗೆ 34 ವರ್ಷ, ಜಯನಗರದಲ್ಲಿದ್ದೇವೆ. ನವೆಂಬರ್‌ನಲ್ಲಿ ಅಪ್ಪನನ್ನು ಕರೆದುಕೊಂಡು ಪಶ್ಚಿಮ ಬಂಗಾಳದ ಸಂದಕ್‌ಫುಗೆ ಹೋಗಬೇಕೆಂದಿದ್ದೇನೆ. ಅಪ್ಪನಿಗೆ 63. ಬ್ಯಾಂಕ್ ಕೆಲಸದಿಂದ ನಿವೃತ್ತರಾಗಿದ್ದಾರೆ. ಕಾಂಚನಜುಂಗಾ ಕಣ್ಣಾರೆ ನೋಡಬೇಕು ಅನ್ನೋದು ಅವರ ಬಹಳ ವರ್ಷದ ಆಸೆ. ಬಿಪಿ, ಶುಗರ್ ಎರಡೂ ಇವೆ, ಮಾತ್ರೆಯಲ್ಲಿ ಹತೋಟಿಯಲ್ಲಿವೆ. ದಿನಾ ಲಾಲ್‌ಬಾಗ್‌ನಲ್ಲಿ ಒಂದು ಗಂಟೆ ನಡೆಯುತ್ತಾರೆ. ನಮ್ಮ ಪ್ಲಾನ್ ಹೀಗಿದೆ: ಮೊದಲ ದಿನ ವಿಮಾನದಲ್ಲಿ ಬಾಗ್ಡೋಗ್ರಾ, ಸಂಜೆಗೆ ಮಾನೆಭಂಜನ್. ಮಾರನೇ ದಿನ ಗಾಡಿಯಲ್ಲಿ ನೇರ ಸಂದಕ್‌ಫು. ಅಲ್ಲಿನ ಟ್ರೆಕ್ಕರ್ಸ್ ಹಟ್‌ನಲ್ಲಿ ರಾತ್ರಿ ಉಳಿದು, ಸೂರ್ಯೋದಯ ನೋಡಿ ವಾಪಸ್. ಇದನ್ನು ಕೇಳಿದವರೆಲ್ಲ ಒಂದೊಂದು ಹೇಳುತ್ತಿದ್ದಾರೆ. ಕರ್ಪೂರ ಮೂಸುತ್ತಿದ್ದರೆ ಸಾಕು ಅಂತ ಚಿಕ್ಕಪ್ಪ. ಆಕ್ಸಿಜನ್ ಕ್ಯಾನ್ ತಗೊಂಡು ಹೋಗು ಅಂತ ಆಫೀಸಿನ ಗೆಳೆಯ. ಮಲಗುವಾಗ ಸ್ವಲ್ಪ ಬ್ರಾಂದಿ ಕೊಡು ಅಂತ ಪಕ್ಕದ ಮನೆಯವರು. ಅಪ್ಪನನ್ನು ಡಾರ್ಜಿಲಿಂಗ್‌ನಲ್ಲೇ ಬಿಟ್ಟು ನೀನು ಹೋಗಿ ಬಾ ಅಂತಾರೆ ಅಮ್ಮ. ಅದನ್ನು ಕೇಳಿದಾಗಿನಿಂದ ಅಪ್ಪ ಸಪ್ಪಗಿದ್ದಾರೆ. ರೂಮಿನಲ್ಲಿ ಹೀಟರ್ ಇರಲ್ಲ, ಕೇಳಿದರೆ ಬಕೆಟ್‌ನಲ್ಲಿ ಕೆಂಡ ಕೊಡ್ತಾರೆ ಅಂತಲೂ ಕೇಳಿದೆ. ರಾತ್ರಿ ಹೊತ್ತು ಅಲ್ಲಿ ಏನಾದರೂ ಆದರೆ ಏನು ಮಾಡೋದು ಅನ್ನೋದೇ ನನ್ನ ಭಯ.

ಉತ್ತರ: ಅಪ್ಪನನ್ನು ಖಂಡಿತ ಕರೆದುಕೊಂಡು ಹೋಗಿ. ಆದರೆ ನೀವು ಬರೆದಿರುವ ಪ್ಲಾನ್‌ನಲ್ಲಿ ಬೇಡ. ಆ ಪ್ಲಾನ್‌ನಲ್ಲಿ ಹೋದರೆ 63ರ ಅಪ್ಪ ಎಷ್ಟು ಸುಲಭವಾಗಿ ಕಾಯಿಲೆ ಬೀಳಬಹುದೋ 34ರ ನೀವೂ ಅಷ್ಟೇ ಸುಲಭವಾಗಿ ಬೀಳಬಹುದು. ಮನೆಯವರೆಲ್ಲ ಅಪ್ಪನ ವಯಸ್ಸಿನ ಬಗ್ಗೆ ಯೋಚನೆ ಮಾಡುತ್ತಿದ್ದಾರೆ. ನನಗೆ ಚಿಂತೆ ಇರೋದು ನಿಮ್ಮ ಎರಡನೇ ದಿನದ ಬಗ್ಗೆ.

ಮಾನೆಭಂಜನ್ ಇರುವುದು ಸುಮಾರು 2,000 ಮೀಟರ್ ಎತ್ತರದಲ್ಲಿ. ಸಂದಕ್‌ಫು 3,636 ಮೀಟರ್, ಪಶ್ಚಿಮ ಬಂಗಾಳದ ಅತಿ ಎತ್ತರದ ಜಾಗ. ಬೆಂಗಳೂರು 920 ಮೀಟರ್ ಆಸುಪಾಸಿನಲ್ಲಿದೆ. ಅಂದರೆ ಮೊದಲ ರಾತ್ರಿ 920ರಲ್ಲಿ, ಎರಡನೇ ರಾತ್ರಿ 2,000ದಲ್ಲಿ, ಮೂರನೇ ರಾತ್ರಿ 3,636ರಲ್ಲಿ ಮಲಗುತ್ತೀರಿ. ಕೊನೆಯ ನೆಗೆತ ಒಂದೇ 1,600 ಮೀಟರಿನದು, ಅದೂ ಗಾಡಿಯಲ್ಲಿ ಕೂತು. ಬೆಟ್ಟದ ಎತ್ತರಕ್ಕೆ ಮೈ ಒಗ್ಗಲು ದಿನಗಳು ಬೇಕು. ನೀವು ಅದಕ್ಕೆ ಕೊಡುತ್ತಿರುವುದು ಕೆಲವು ಗಂಟೆ.

ನಮ್ಮ ಕಡೆಯವರಿಗೆ ಇದು ಬೇಗ ಮನಸ್ಸಿಗೆ ಬರುವುದಿಲ್ಲ. ಅದಕ್ಕೆ ಕಾರಣವೂ ಇದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್ ಮುಟ್ಟುತ್ತದೆ ಅಷ್ಟೇ. ಕುಮಾರ ಪರ್ವತ 1,712. ನಂದಿ ಬೆಟ್ಟ ಇನ್ನೂ ಕಡಿಮೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ ಶುರುವಾಗೋದು 2,500 ಮೀಟರ್ ದಾಟಿದ ಮೇಲೆ. ಕುಮಾರ ಪರ್ವತವನ್ನು ಹತ್ತು ಸಲ ಹತ್ತಿದವರಿಗೂ ಆ ಅನುಭವ ಆಗಿರುವುದಿಲ್ಲ. ಕಾಲು ನೋವು, ಜಿಗಣೆ, ಬಾಯಾರಿಕೆ ಗೊತ್ತು. ಆದರೆ ಸುಮ್ನೆ ಹಾಸಿಗೆಯಲ್ಲಿ ಮಲಗಿರುವಾಗ ತಲೆ ಸಿಡಿಯುವುದು ಗೊತ್ತಿರುವುದಿಲ್ಲ.

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಅಂತ ಜನ ಹೇಳುತ್ತಾರೆ. ಪಾಲು ಕಡಿಮೆಯಾಗುವುದಿಲ್ಲ, ಎಲ್ಲ ಕಡೆಯೂ ನೂರಕ್ಕೆ 21ರಷ್ಟೇ ಇರುತ್ತದೆ. ಇಳಿಯುವುದು ಗಾಳಿಯ ಒತ್ತಡ. ಸಂದಕ್‌ಫುನಲ್ಲಿ ಅದು ಸಮುದ್ರಮಟ್ಟದ ಮೂರನೇ ಎರಡು ಭಾಗದಷ್ಟಿರುತ್ತದೆ. ಅಂದರೆ ಪ್ರತಿ ಉಸಿರಿಗೂ ಸಿಗುವ ಆಮ್ಲಜನಕ ಅಷ್ಟು ಕಡಿಮೆ. ಇದನ್ನು ಸರಿದೂಗಿಸಲು ಮೈ ಜಾಸ್ತಿ ಉಸಿರಾಡುತ್ತದೆ. ನಿದ್ದೆ ಬಂದಾಗ ಉಸಿರು ತಾನಾಗಿ ನಿಧಾನವಾಗುತ್ತದೆ, ರಕ್ತದಲ್ಲಿ ಆಮ್ಲಜನಕ ಇನ್ನಷ್ಟು ಇಳಿಯುತ್ತದೆ. ಹಗಲಲ್ಲಿ ಚೆನ್ನಾಗಿ ಓಡಾಡಿಕೊಂಡಿದ್ದವರು ರಾತ್ರಿ ಹನ್ನೊಂದಕ್ಕೆ ತಲೆ ಹಿಡಿದುಕೊಂಡು ಕೂರುವುದು ಇದಕ್ಕೇ. ಹಾಗಾಗಿ ಬೆಟ್ಟದ ಪ್ರಯಾಣದಲ್ಲಿ ಎಲ್ಲಿಗೆ ಹತ್ತುತ್ತೀರಿ ಅನ್ನೋದಕ್ಕಿಂತ ಎಲ್ಲಿ ಮಲಗುತ್ತೀರಿ ಅನ್ನೋದನ್ನು ನಾನು ಮೊದಲು ಕೇಳುತ್ತೇನೆ. 3,000 ಮೀಟರ್ ದಾಟಿದ ಮೇಲೆ ಒಂದು ರಾತ್ರಿಯಿಂದ ಇನ್ನೊಂದು ರಾತ್ರಿಗೆ ಮಲಗುವ ಜಾಗ 500 ಮೀಟರಿಗಿಂತ ಜಾಸ್ತಿ ಏರಬಾರದು ಅನ್ನೋದು ಎಲ್ಲ ಕಡೆ ಪಾಲಿಸುವ ಲೆಕ್ಕ.

ಲಾಲ್‌ಬಾಗ್ ವಾಕಿಂಗ್ ಬಿಡಬೇಡಿ. ಮಂಡಿಗೆ, ಹೃದಯಕ್ಕೆ ಅದು ಒಳ್ಳೆಯದು. ಆದರೆ ಫಿಟ್ ಆಗಿರುವವರಿಗೆ ಎತ್ತರದ ಕಾಯಿಲೆ ಬರಲ್ಲ ಅನ್ನೋದು ತಪ್ಪು. ಚಾರಣದ ಗುಂಪುಗಳ ಜೊತೆ ಡಾಕ್ಟರ್ ಆಗಿ ನಾನು ಹಲವು ಸಲ ಹಿಮಾಲಯಕ್ಕೆ ಹೋಗಿದ್ದೇನೆ. ಒಮ್ಮೆ ಗುಂಪಿನಲ್ಲಿ ಮ್ಯಾರಥಾನ್ ಓಡುವ ಹುಡುಗನೊಬ್ಬ ಇದ್ದ. ಎಲ್ಲರಿಗಿಂತ ಎರಡು ಗಂಟೆ ಮುಂಚೆ ಮೇಲೆ ತಲುಪಿದ. ರಾತ್ರಿ ಊಟ ಬೇಡ ಅಂದ, ಆಮೇಲೆ ವಾಂತಿ, ಮಧ್ಯರಾತ್ರಿ ಕೆಳಗೆ ಇಳಿಸಬೇಕಾಯಿತು. ಅದೇ ಗುಂಪಿನಲ್ಲಿದ್ದ 66ರ ಮೈಸೂರಿನ ಅಮ್ಮ ಒಬ್ಬರು ನಿಧಾನವಾಗಿ ಬಂದು, ಎರಡು ತಟ್ಟೆ ಅನ್ನ ಸಾರು ಉಂಡು ಮಲಗಿದ್ದರು. ಚುರುಕಾಗಿರುವವರು ಬೇಗ ಏರುತ್ತಾರೆ. ಅವರಿಗೆ ಅದೇ ಅಪಾಯ.

ಈಗ ಮನೆಯಲ್ಲಿ ಕೇಳಿದ ಸಲಹೆಗಳ ವಿಷಯ. ಕರ್ಪೂರ ಮೂಸಿದರೆ ಮೂಗು ತಣ್ಣಗಾಗಿ ಉಸಿರು ಸಲೀಸಾದ ಹಾಗೆ ಅನ್ನಿಸುತ್ತದೆ. ರಕ್ತದ ಆಮ್ಲಜನಕ ಅದರಿಂದ ಒಂದು ಚೂರೂ ಏರುವುದಿಲ್ಲ. ಸುಮ್ನೆ ಮೂಸುವುದರಿಂದ ದೊಡ್ಡ ತೊಂದರೆ ಇಲ್ಲ, ಆದರೆ ನುಂಗಿದರೆ ಫಿಟ್ಸ್ ಬರಬಹುದು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಪುಡಿಕೆ ಕಟ್ಟಿ ಇಡಬೇಡಿ. ಆಕ್ಸಿಜನ್ ಕ್ಯಾನ್ ಹಗುರವಾಗಿರುತ್ತದೆ, ಏಕೆಂದರೆ ಅದರಲ್ಲಿರುವ ಗಾಳಿ ಕೆಲವೇ ನಿಮಿಷಕ್ಕೆ ಸಾಲುತ್ತದೆ. ಒಂದು ರಾತ್ರಿ ಎಂಟು ಗಂಟೆ ಇರುತ್ತದೆ. ಕ್ಯಾನ್ ಇದೆ ಅನ್ನೋ ಧೈರ್ಯಕ್ಕೆ ಕೆಳಗಿಳಿಯುವುದನ್ನು ಬೆಳಗಿನವರೆಗೆ ಮುಂದೂಡುವವರನ್ನು ನೋಡಿದ್ದೇನೆ. ನನಗೆ ಅದರ ಮೇಲಿರುವ ಸಿಟ್ಟು ಆ ಕಾರಣಕ್ಕೆ. ಬ್ರಾಂದಿ ಬೇಡವೇ ಬೇಡ. ಕುಡಿದಾಗ ಚರ್ಮದ ರಕ್ತನಾಳ ಹಿಗ್ಗಿ ಬೆಚ್ಚಗೆ ಅನ್ನಿಸುತ್ತದೆ, ಆದರೆ ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ. ಜೊತೆಗೆ ನಿದ್ದೆಯಲ್ಲಿ ಉಸಿರಾಟವನ್ನು ಇನ್ನಷ್ಟು ಕುಗ್ಗಿಸುತ್ತದೆ. ನಿದ್ದೆ ಮಾತ್ರೆಗೂ ಇದೇ ಮಾತು.

ಡಯಾಮಾಕ್ಸ್ ಬಗ್ಗೆ ನೀವು ಕೇಳಿಲ್ಲ, ಆದರೂ ಯಾರಾದರೂ ಹೇಳೇ ಹೇಳುತ್ತಾರೆ. ಅಸೆಟಜೋಲಮೈಡ್ ಅನ್ನೋ ಈ ಮಾತ್ರೆ ನಿಜವಾಗಿಯೂ ಕೆಲಸ ಮಾಡುತ್ತದೆ. ಉಸಿರಾಟ ಹೆಚ್ಚಿಸಿ, ಮೈ ಒಗ್ಗುವುದನ್ನು ಬೇಗ ಮಾಡುತ್ತದೆ. ಕಾಯಿಲೆಯನ್ನು ಮುಚ್ಚಿಡುತ್ತದೆ ಅನ್ನೋದು ತಪ್ಪು. ದೊಡ್ಡವರಿಗೆ ತಡೆಗಾಗಿ ಸಾಮಾನ್ಯವಾಗಿ ಕೊಡುವುದು 125 ಮಿಲಿಗ್ರಾಂ, ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ. ಬೆರಳು ಜುಮ್ ಅನ್ನುತ್ತದೆ, ಮೂತ್ರ ಜಾಸ್ತಿ ಆಗುತ್ತದೆ. ಸಲ್ಫಾ ಅಲರ್ಜಿ ಇದ್ದವರು, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ನಿಧಾನವಾಗಿ ಏರುವ ಪ್ಲಾನ್ ಇದ್ದರೆ ಎಲ್ಲರಿಗೂ ಇದು ಬೇಕಾಗಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ಹೆದರಿಸಿದ್ದು ಕೊನೆಯಲ್ಲಿ ಬರೆದ ಬಕೆಟ್ ಕೆಂಡ.

ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಹೊಗೆ ಕಾಣದ ನಿಗಿನಿಗಿ ಕೆಂಡದಿಂದಲೂ ಅದು ಬರುತ್ತಿರುತ್ತದೆ. ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿದ ಬಿಗಿಯಲ್ಲಿ ಅದು ರಕ್ತವನ್ನು ಹಿಡಿದುಕೊಳ್ಳುತ್ತದೆ. ಬೆಂಗಳೂರಿನಲ್ಲಿ ಬಾತ್‌ರೂಮಿನ ಗ್ಯಾಸ್ ಗೀಸರ್‌ನಿಂದ ಜನ ಸತ್ತ ಸುದ್ದಿ ಓದಿರುತ್ತೀರಿ ಅಲ್ವಾ? ಅದೇ ಅನಿಲ. ಮೊದಲೇ ಆಮ್ಲಜನಕ ಕಡಿಮೆ ಇರುವ ಎತ್ತರದಲ್ಲಿ, ಚಳಿಗೆ ಕಿಟಕಿ ಸಂದಿಗೆಲ್ಲ ಬಟ್ಟೆ ತುರುಕಿದ ಕೋಣೆಯಲ್ಲಿ, ಇದು ಕೊಲ್ಲಬಲ್ಲದು.

ಇದರಲ್ಲಿ ಇನ್ನೊಂದು ತೊಡಕಿದೆ. ತಲೆನೋವು, ವಾಕರಿಕೆ, ಸುಸ್ತು. ಇವು ಎತ್ತರದ ಕಾಯಿಲೆಯ ಲಕ್ಷಣ, ಈ ವಿಷಾನಿಲದ ಲಕ್ಷಣವೂ ಇವೇ. ಕೆಲವು ವರ್ಷದ ಹಿಂದೆ ಒಂದು ಬೆಟ್ಟದ ವಸತಿಯಲ್ಲಿ ನಮ್ಮ ಗುಂಪಿನ ನಾಲ್ಕು ಜನ ಒಂದೇ ಕೋಣೆಯಲ್ಲಿದ್ದರು. ಬೆಳಗಿನ ಜಾವ ನಾಲ್ವರಿಗೂ ಒಟ್ಟಿಗೇ ತಲೆನೋವು. ಪಕ್ಕದ ಕೋಣೆಯವರೆಲ್ಲ ಆರಾಮಾಗಿದ್ದರು. ಎತ್ತರ ಎಲ್ಲರಿಗೂ ಒಂದೇ ಇರುವಾಗ ಒಂದೇ ಕೋಣೆಯವರಿಗೆ ಯಾಕೆ? ಒಳಗೆ ಹೋಗಿ ನೋಡಿದರೆ ಮಂಚದ ಪಕ್ಕ ಕೆಂಡದ ಬಾಣಲೆ. ನನಗೆ ಗೊತ್ತಿಲ್ಲದೆ ರಾತ್ರಿ ಕೇಳಿ ಇಸಿದುಕೊಂಡಿದ್ದರು. ನಾಲ್ವರನ್ನೂ ಹೊರಗೆ ಕರೆತಂದು ಕೂರಿಸಿದೆವು, ಜೀವ ಉಳಿಯಿತು. ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರನ್ನು ಇಂಥ ಕಡೆ ನಂಬಬೇಡಿ. ಅದಕ್ಕೆ ಈ ಅನಿಲ ಹಿಡಿದ ರಕ್ತಕ್ಕೂ ಆಮ್ಲಜನಕ ಹಿಡಿದ ರಕ್ತಕ್ಕೂ ವ್ಯತ್ಯಾಸ ಗೊತ್ತಾಗಲ್ಲ, ಚೆನ್ನಾಗಿರುವ ಅಂಕಿಯನ್ನೇ ತೋರಿಸುತ್ತದೆ.

ಹಟ್‌ನವರು ಪ್ರೀತಿಯಿಂದಲೇ ಕೆಂಡ ಕೊಡುತ್ತಾರೆ. ಬೇಡ ಅನ್ನಿ. ಅಡುಗೆಮನೆಯ ಒಲೆ ಮುಂದೆ ಕೂತು ಮೈ ಕಾಯಿಸಿಕೊಂಡು ಬನ್ನಿ. ಮಲಗುವ ಕೋಣೆಗೆ ಬಿಸಿನೀರಿನ ಚೀಲ ಅಥವಾ ಬಿಗಿ ಮುಚ್ಚಳದ ಬಾಟಲಿ ಸಾಕು. ಬಟ್ಟೆ ಸುತ್ತಿ ಹೊದಿಕೆಯೊಳಗೆ ಕಾಲ ಹತ್ತಿರ ಇಟ್ಟುಕೊಳ್ಳಿ. ಹಗಲು ಬೆವರಿದ ಬನಿಯನ್, ಸಾಕ್ಸ್ ಬಿಚ್ಚಿ ಒಣಗಿದ್ದನ್ನು ಹಾಕಿಕೊಳ್ಳಿ. ಹೊಟ್ಟೆ ತುಂಬ ಊಟ ಮಾಡಿ ಮಲಗಿ. ಹಟ್‌ನ ರಜಾಯಿ ದಪ್ಪಗಿದ್ದರೂ ಕೆಲವೊಮ್ಮೆ ತೇವ ಇರುತ್ತದೆ, ಒಳಗೆ ಹಾಸಿಕೊಳ್ಳಲು ಸ್ಲೀಪಿಂಗ್ ಬ್ಯಾಗ್ ಲೈನರ್ ಒಯ್ಯಿರಿ.

ಅಪ್ಪನ ಮಾತ್ರೆಗಳ ವಿಷಯಕ್ಕೆ ಬರುತ್ತೇನೆ. ಹತೋಟಿಯಲ್ಲಿರುವ ಬಿಪಿ ಈ ಪ್ರಯಾಣಕ್ಕೆ ಅಡ್ಡಿಯಲ್ಲ. ಎತ್ತರದಲ್ಲಿ ಮೊದಲ ದಿನಗಳಲ್ಲಿ ಬಿಪಿ ಸ್ವಲ್ಪ ಏರಬಹುದು, ಮಾತ್ರೆ ಒಂದು ಹೊತ್ತೂ ತಪ್ಪಿಸಬಾರದು ಅಷ್ಟೇ. ಬಿಪಿ ಮಾತ್ರೆಯಲ್ಲಿ ಮೂತ್ರ ಹೆಚ್ಚಿಸುವ ಔಷಧಿ ಸೇರಿದೆಯಾ ನೋಡಿಸಿ. ಅದಿದ್ದು, ಮೇಲೆ ಡಯಾಮಾಕ್ಸ್ ಕೂಡ ಶುರು ಮಾಡಿದರೆ ಮೈಯಲ್ಲಿ ನೀರು ಇಳಿದುಹೋಗುತ್ತದೆ.

ಶುಗರ್ ಬಗ್ಗೆ ಇನ್ನೂ ಜಾಸ್ತಿ ಎಚ್ಚರ ಬೇಕು. ಗ್ಲಿಮಿಪಿರೈಡ್ ಥರದ ಮಾತ್ರೆ ತಗೊಳ್ಳುತ್ತಿದ್ದರೆ, ಹಗಲೆಲ್ಲ ನಡೆದು ರಾತ್ರಿ ಹಸಿವಿಲ್ಲ ಅಂತ ಊಟ ಬಿಟ್ಟಾಗ ಶುಗರ್ ತೀರ ಇಳಿಯಬಹುದು. ಆಗಲೂ ತಲೆ ಸುತ್ತು, ಗೊಂದಲ, ಸುಸ್ತು. ಎತ್ತರದ ಕಾಯಿಲೆ ಅಂದುಕೊಂಡು ಸುಮ್ಮನಿದ್ದರೆ ಕಷ್ಟ. ಅಂಥ ಹೊತ್ತಲ್ಲಿ ಮೊದಲು ಶುಗರ್ ನೋಡಿ. ನೋಡಲು ಆಗದಿದ್ದರೆ ಎಚ್ಚರವಾಗಿರುವವರಿಗೆ ಸಕ್ಕರೆ ನೀರು ಕೊಟ್ಟುಬಿಡಿ, ನಷ್ಟ ಇಲ್ಲ. ಗ್ಲುಕೋಮೀಟರನ್ನು ಜಾಕೆಟ್ ಒಳಜೇಬಿನಲ್ಲಿ ಬೆಚ್ಚಗಿಡಿ, ಚಳಿಗೆ ತಪ್ಪು ಅಂಕಿ ತೋರಿಸುತ್ತದೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅನ್ನೋ ಹೊಸ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತವೆ. ಊಟ ನೀರು ಎರಡೂ ಕಡಿಮೆಯಾದ ದಿನ ಅವು ತೊಂದರೆ ಕೊಡಬಲ್ಲವು. ಅಂಥ ದಿನ ಏನು ಮಾಡಬೇಕು ಅಂತ ಹೊರಡುವ ಮೊದಲೇ ನಿಮ್ಮ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. 63 ವಯಸ್ಸು, ಬಿಪಿ, ಶುಗರ್ ಮೂರೂ ಇರುವುದರಿಂದ ಹೃದಯದ ತಪಾಸಣೆಯನ್ನೂ ಮಾಡಿಸಿ. ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆ ಅಂತ ಯಾವತ್ತಾದರೂ ಹೇಳಿದ್ದರೆ ಅದು ಪತ್ತೆಯಾಗುವವರೆಗೆ ಟಿಕೆಟ್ ಬುಕ್ ಮಾಡಬೇಡಿ. ಜೋರಾಗಿ ಗೊರಕೆ ಹೊಡೆದು, ಮಧ್ಯೆ ಉಸಿರು ನಿಂತ ಹಾಗೆ ಆಗುತ್ತದಾ ಅಂತ ಅಮ್ಮನನ್ನು ಕೇಳಿ. ಅದು ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ನಿದ್ದೆಯಲ್ಲಿ ಉಸಿರುಕಟ್ಟುವ ತೊಂದರೆ ಇರುವವರಿಗೆ ಎತ್ತರದ ರಾತ್ರಿ ಕಷ್ಟ.

ಇನ್ನು ರಾತ್ರಿ. ಏನಾದರೂ ಆದರೆ ಅಂದಿರಿ. ಆ ಏನಾದರೂ ಅಂದರೆ ಏನು ಅನ್ನೋದು ಮೊದಲೇ ಗೊತ್ತಿದ್ದರೆ ಭಯ ಅರ್ಧ ಇಳಿಯುತ್ತದೆ. ಅಪ್ಪ ಮಲಗಿದಾಗ ಉಸಿರು ಜೋರಾಗಿ ಬಂದು, ಕೆಲವು ಸೆಕೆಂಡ್ ನಿಂತು, ಮತ್ತೆ ದೀರ್ಘವಾಗಿ ಎಳೆದುಕೊಂಡ ಹಾಗೆ ಕೇಳಿಸಬಹುದು. ಪಕ್ಕದಲ್ಲಿರುವವರಿಗೆ ಎದೆ ಝಲ್ ಅನ್ನುತ್ತದೆ. ಎತ್ತರದಲ್ಲಿ ಆರೋಗ್ಯವಾಗಿರುವವರಿಗೂ ಹೀಗಾಗುತ್ತದೆ, ಬಹುಶಃ ನಿಮಗೂ ಆಗುತ್ತಿರುತ್ತದೆ. ಎರಡು ಮೂರು ಸಲ ಮೂತ್ರಕ್ಕೆ ಏಳುವುದೂ ಸಹಜ. ಅದಕ್ಕೆ ಹೆದರಿ ನೀರು ಕುಡಿಯುವುದನ್ನು ಬಿಡಬಾರದು. ಹಟ್‌ಗಳಲ್ಲಿ ಟಾಯ್ಲೆಟ್ ಕೋಣೆಯಿಂದ ದೂರ ಇರಬಹುದು, ದಾರಿಯಲ್ಲಿ ಮಂಜು ಹೆಪ್ಪುಗಟ್ಟಿ ಜಾರುತ್ತದೆ. ಏಳುವಾಗೆಲ್ಲ ನಿಮ್ಮನ್ನು ಎಬ್ಬಿಸಬೇಕು ಅಂತ ಅಪ್ಪನಿಗೆ ಹೇಳಿ. ತಲೆಗೆ ಕಟ್ಟುವ ಟಾರ್ಚ್ ದಿಂಬಿನ ಪಕ್ಕದಲ್ಲಿರಲಿ. ಪ್ರಾಸ್ಟೇಟ್ ತೊಂದರೆ ಇದ್ದರೆ ಮೊದಲೇ ತೋರಿಸಿಕೊಂಡು ಬನ್ನಿ.

ಸಣ್ಣ ತಲೆನೋವು ಬಂತು, ಊಟ ಅಷ್ಟಾಗಿ ಸೇರಲಿಲ್ಲ. ಹೀಗಿದ್ದರೆ ಅಲ್ಲೇ ಉಳಿಯಿರಿ, ಪ್ಯಾರಾಸಿಟಮಾಲ್ ಕೊಡಿ, ನೀರು ಕುಡಿಸಿ, ಇನ್ನೂ ಮೇಲೆ ಹೋಗಬೇಡಿ. ಸುಮ್ನೆ ಕೂತಿದ್ದಾಗಲೂ ಏದುಸಿರು, ನಿಲ್ಲದ ಕೆಮ್ಮು, ಮಾತು ತೊದಲುವುದು, ಅರ್ಥವಿಲ್ಲದ ಉತ್ತರ ಕಂಡರೆ ಅದು ಬೇರೆಯೇ ವಿಷಯ. ಸಂಶಯ ಬಂದರೆ ಕೋಣೆಯಲ್ಲೇ ಒಂದು ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸಿಕೊಂಡು ಹತ್ತು ಹೆಜ್ಜೆ ನೇರ ನಡೆಯಲು ಹೇಳಿ. ಅಷ್ಟು ಹೊತ್ತು ಚೆನ್ನಾಗಿ ನಡೆಯುತ್ತಿದ್ದವರು ಓಲಾಡಿದರೆ ಮಿದುಳಿಗೆ ಬಾವು ಬರುತ್ತಿದೆ ಅಂತ ಅರ್ಥ. ಆಗ ಬೆಳಗಾಗಲಿ ಅಂತ ಕಾಯಬಾರದು. ಆ ಕ್ಷಣವೇ ಕೆಳಗಿಳಿಸಬೇಕು. ಈ ಒಂದು ವಿಷಯದಲ್ಲಿ ಸಂದಕ್‌ಫು ಬೇರೆ ಎಷ್ಟೋ ಬೆಟ್ಟಕ್ಕಿಂತ ವಾಸಿ, ಹಟ್‌ನ ಹತ್ತಿರದವರೆಗೂ ಗಾಡಿ ದಾರಿ ಇದೆ. ಆದರೆ ರಾತ್ರಿ ಎರಡಕ್ಕೆ ಡ್ರೈವರ್ ಹುಡುಕಲು ಆಗುವುದಿಲ್ಲ. ನೀವು ಹೋದ ಗಾಡಿ ರಾತ್ರಿ ಅಲ್ಲೇ ನಿಲ್ಲಬೇಕು, ಬೇಕಾದರೆ ಇಳಿಸಿಕೊಡಬೇಕು ಅಂತ ಮಾನೆಭಂಜನ್‌ನಲ್ಲೇ ಡ್ರೈವರ್ ಜೊತೆ ಮಾತಾಡಿ, ಅದಕ್ಕೆ ಹಣ ಕೊಡಿ. ಇಡೀ ಪ್ರಯಾಣದಲ್ಲಿ ಅದಕ್ಕಿಂತ ಒಳ್ಳೆಯ ಖರ್ಚು ಇನ್ನೊಂದಿಲ್ಲ.

ಹಾಗಾದರೆ ಹೇಗೆ ಹೋಗಬೇಕು? ನಾನಾಗಿದ್ದರೆ ಎರಡು ರಾತ್ರಿ ಸೇರಿಸುತ್ತಿದ್ದೆ. ಮಾನೆಭಂಜನ್ ಆದ ಮೇಲೆ ತುಮ್ಲಿಂಗ್‌ನಲ್ಲಿ ಒಂದು ರಾತ್ರಿ, ಅದು 3,000 ಮೀಟರಿಗಿಂತ ಸ್ವಲ್ಪ ಕೆಳಗಿದೆ. ಮಾರನೇ ದಿನ ಗೈರಿಬಾಸ್ ದಾಟಿ ಕಾಲಿಪೋಖ್ರಿ, 3,186 ಮೀಟರ್. ಹೆಸರಿನ ಅರ್ಥ ಕಪ್ಪು ಕೊಳ, ಅಲ್ಲಿಯವರಿಗೆ ಅದು ಪವಿತ್ರ. ಅಲ್ಲಿ ಮಲಗಿ ಮರುದಿನ ಸಂದಕ್‌ಫು. ಈಗ ಕೊನೆಯ ನೆಗೆತ 450 ಮೀಟರ್. ಅಪ್ಪ ನಡೆಯಬಲ್ಲಷ್ಟು ನಡೆಯಲಿ, ಕಡಿದಾದ ಕಡೆ ಗಾಡಿ ಹತ್ತಲಿ. ಅಲ್ಲಿನ ಹಳೆಯ ಲ್ಯಾಂಡ್ ರೋವರ್‌ಗಳಲ್ಲಿ ಕೂರುವುದೇ ಒಂದು ಅನುಭವ, ಆದರೆ ಕುಲುಕಾಟ ಜೋರು, ಸೊಂಟ ನೋವಿದ್ದರೆ ಬೆಲ್ಟ್ ಕಟ್ಟಿಕೊಳ್ಳಲಿ.

ಅಷ್ಟು ರಜೆ ಸಿಗಲ್ಲ ಅಂದರೆ ತುಮ್ಲಿಂಗ್‌ನಲ್ಲೇ ಎರಡು ರಾತ್ರಿ ಉಳಿದು, ಒಂದು ದಿನ ನಸುಕಿನಲ್ಲಿ ಗಾಡಿಯಲ್ಲಿ ಸಂದಕ್‌ಫುಗೆ ಹೋಗಿ ಮಧ್ಯಾಹ್ನಕ್ಕೆ ಇಳಿದುಬಿಡಬಹುದು. ಮಲಗುವ ಜಾಗ ಕೆಳಗೇ ಇರುವುದರಿಂದ ಅಪಾಯ ತುಂಬ ಕಡಿಮೆ. ನಷ್ಟ ಏನೆಂದರೆ, ಹೊತ್ತೇರಿದ ಮೇಲೆ ಮೋಡ ಮುಚ್ಚಬಹುದು, ಮೇಲಿನ ಸೂರ್ಯೋದಯವೂ ಸಿಗಲ್ಲ. ಸಂದಕ್‌ಫುನಲ್ಲಿ ಕಾಂಚನಜುಂಗಾ ಜೊತೆ ಎವರೆಸ್ಟ್, ಲೋತ್ಸೆ, ಮಕಾಲು ಕೂಡ ಕಾಣುತ್ತವೆ, ಅದು ನಿಜ. ಆದರೆ ಅಪ್ಪನಿಗೆ ಬೇಕಾಗಿರುವುದು ಕಾಂಚನಜುಂಗಾ. 8,586 ಮೀಟರಿನ ಆ ಬೆಟ್ಟ ತುಮ್ಲಿಂಗ್‌ನಿಂದಲೂ ಕಾಣುತ್ತದೆ. ಇದನ್ನು ಅಮ್ಮನಿಗೂ ಹೇಳಿ. ಡಾರ್ಜಿಲಿಂಗ್‌ನಲ್ಲಿ ಒಬ್ಬರನ್ನೇ ಬಿಡುವ ಮಾತು ಬೇಡ.

ನವೆಂಬರ್ ಒಳ್ಳೆಯ ಆಯ್ಕೆ, ಆಕಾಶ ತಿಳಿಯಾಗಿರುತ್ತದೆ. ರಾತ್ರಿ ಸೊನ್ನೆಯ ಆಸುಪಾಸಿಗೆ ಇಳಿಯುತ್ತದೆ, ಗಾಳಿ ಜೋರಿರುತ್ತದೆ. ಗುರುತಿನ ಚೀಟಿ ಎಲ್ಲರ ಹತ್ತಿರವೂ ಇರಲಿ, ದಾರಿ ನೇಪಾಳದ ಗಡಿ ಹಿಡಿದೇ ಸಾಗುತ್ತದೆ, ಚೆಕ್‌ಪೋಸ್ಟ್‌ಗಳಿವೆ. ಮಾನೆಭಂಜನ್‌ನಲ್ಲಿ ಗೈಡ್ ಇಟ್ಟುಕೊಳ್ಳಬೇಕು. ಹಟ್ ಮೊದಲೇ ಕಾದಿರಿಸಿ, ನೆಲಮಟ್ಟದ, ಟಾಯ್ಲೆಟ್ ಹತ್ತಿರದ ಕೋಣೆ ಕೇಳಿ. ಊಟಕ್ಕೆ ಅನ್ನ, ಬೇಳೆ, ಆಲೂಗಡ್ಡೆ ಸಿಗುತ್ತದೆ. ಅಲ್ಲಿ ನೀರು 88 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದ ಕಡೆ ಬೇಳೆ ಅರ್ಧಂಬರ್ಧ ಬೆಂದಿರುತ್ತದೆ. ಕುಡಿಯುವ ನೀರಿಗೆ ಆ ಕುದಿ ಸಾಕು, ಕ್ರಿಮಿ ಸಾಯುತ್ತವೆ. ಅವಲಕ್ಕಿ, ಚಟ್ನಿಪುಡಿ, ಚಕ್ಕುಲಿ ಚೀಲದಲ್ಲಿರಲಿ. ಹಸಿವು ಸತ್ತ ರಾತ್ರಿ ಬಾಯಿಗೆ ರುಚಿಸುವುದು ಮನೆಯ ತಿಂಡಿಯೇ.

ಕೊನೆಯದಾಗಿ, ಅಪ್ಪನ ಹತ್ತಿರ ಈಗಲೇ ಕೂತು ಒಂದು ಮಾತು ತಗೊಳ್ಳಿ. ನಮ್ಮ ಹಿರಿಯರು ಮಕ್ಕಳ ಖುಷಿ ಕೆಡಬಾರದು ಅಂತ ನೋವನ್ನು ಬಚ್ಚಿಡುತ್ತಾರೆ. ಬೆಟ್ಟದ ಮೇಲೆ ನಾನು ಕಂಡ ಎಷ್ಟೋ ಕಾಯಿಲೆ ಬಿಗಡಾಯಿಸಿದ್ದು ಹೀಗೆಯೇ. ತಲೆನೋವು ಬಂದರೆ ಬಂದ ಹೊತ್ತಿಗೇ ಹೇಳಬೇಕು, ಹೇಳಿದ್ದಕ್ಕೆ ಪ್ರಯಾಣ ಅಲ್ಲಿಗೆ ನಿಂತರೂ ನೀವು ಬೇಜಾರು ಮಾಡಿಕೊಳ್ಳುವುದಿಲ್ಲ ಅಂತ ನೀವೂ ಅವರಿಗೆ ಮಾತು ಕೊಡಿ. ಆಮೇಲೆ ಅವರ ಮಾತ್ರೆ ಚೀಟಿ, ಇಸಿಜಿ ರಿಪೋರ್ಟ್ ಹಿಡಿದುಕೊಂಡು ಇದೇ ವಾರ ನಿಮ್ಮ ಡಾಕ್ಟರನ್ನು ನೋಡಿ. ಎರಡು ರಾತ್ರಿ ಸೇರಿಸಿ ರಜೆಗೆ ಅರ್ಜಿ ಹಾಕಿ. ವಿಮಾನದ ಟಿಕೆಟ್ ಅದಾದ ಮೇಲೆ.